ಕವಿಯ ವಿಳಾಸ, ಓದುಗನ ಕಾಗದ

ಮೆಚ್ಚಿದ ಲೇಖಕನನ್ನು ಓದುಗ ಸಂಪರ್ಕಿಸುವುದು ಹೇಗೆ? ಈ ಪ್ರಶ್ನೆ ಮೊಬೈಲು ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಗಡಿನಾಡಿನಲ್ಲಿ ಅದಕ್ಕೊಂದು ಚರಿತ್ರೆಯೇ ಇದೆ.

ಗೋವಿಂದ ಪೈಗಳು (1883–1963) ಬಾಳಿನ ಬಹುಭಾಗವನ್ನು ಮಂಜೇಶ್ವರದಲ್ಲೇ ಕಳೆದವರು. 1930ರಲ್ಲಿ ‘ಗಿಳಿವಿಂಡು’, 1937ರಲ್ಲಿ ‘ಗೊಲ್ಗೊಥಾ’ ಹೊರಬಂದುವು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಒದಗಿತು. ಇಷ್ಟಾದರೂ ಪೈಗಳು ಪಟ್ಟಣ ಸೇರಲಿಲ್ಲ. ಶಾಸನದ ಕಾಲವೋ ಶಬ್ದದ ಮೂಲವೋ ತಿಳಿಯಬೇಕಾದವರು ಮಂಜೇಶ್ವರಕ್ಕೆ ಬರಬೇಕು, ಇಲ್ಲವೆ ಬರೆಯಬೇಕು.

ಬರೆಯುವುದೆಂದರೆ ಕಾರ್ಡು. ಭಾರತದಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಕೆಲವೇ ವರ್ಷಗಳಲ್ಲಿ ಜೋಡಿ ಕಾರ್ಡು ಬಂತು: ಒಂದರಲ್ಲಿ ಪ್ರಶ್ನೆ, ಇನ್ನೊಂದು ಉತ್ತರಕ್ಕಾಗಿ ಖಾಲಿ. ಎರಡರ ವೆಚ್ಚವೂ ಕೇಳುವವನದು. ಎಂಥ ಮರ್ಯಾದೆಯ ಏರ್ಪಾಡು ನೋಡಿ! ಉತ್ತರಿಸುವವನಿಗೆ ಕಾಸಿನ ಹೊರೆಯಿಲ್ಲ, ಉತ್ತರಿಸದಿದ್ದರೆ ಹೇಳುವವರೂ ಇಲ್ಲ. ಸ್ಥಳ ಕಿರಿದಾದ್ದರಿಂದ ಮಾತು ಚಿಕ್ಕದಾಗಲೇಬೇಕು. ಅಂಚೆಯವನೂ ಓದಬಹುದೆಂಬ ಅರಿವಿದ್ದುದರಿಂದ ಸಭ್ಯವೂ ಆಗಿರಬೇಕು.

ಶಿವರಾಮ ಕಾರಂತರು (1902–1997) ಓದುಗರ ಕಾಗದಗಳಿಗೆ ತಪ್ಪದೆ ಉತ್ತರಿಸುವವರೆಂದು ಹೆಸರಾಗಿದ್ದರು. ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಅಂಕಣದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಎಲ್ಲರೂ ಓದುವಂತೆ ಉತ್ತರ ಬರೆದರು. ಮಗುವಿಗೆ ಅಜ್ಜನ ಸಾಮೀಪ್ಯ ದಕ್ಕಿತು, ನಡುವೆ ಪತ್ರಿಕೆಯೂ ಇತ್ತು. ಎಳೆಯರು ದೊಡ್ಡವರಿಗೆ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ತೆಂಕಣದ ಬೇಪೂರಿನಲ್ಲಿ ವೈಕಂ ಮುಹಮ್ಮದ್ ಬಷೀರರ ರೀತಿ ಬೇರೆ. ಮ್ಯಾಂಗೋಸ್ಟೀನ್ ಮರದಡಿಯ ಅವರ ಕುರ್ಚಿಯ ಸುತ್ತ ಸದಾ ಜನ. ಮಲೆಯಾಳದ ಓದುಗರು ಆ ನೆರಳನ್ನು ಪ್ರೀತಿಯಿಂದ ನೆನೆಯುತ್ತಾರೆ. ಬಂದವರನ್ನೆಲ್ಲ ಸಂಭಾಳಿಸಬೇಕಾಗಿದ್ದ ಮನೆಯೊಡತಿ ಫಾಬಿಯವರನ್ನೂ ನೆನೆಯುವುದು ನ್ಯಾಯ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ಕಥೆಗೆ ಎರಡು ಮುಖ. ‘ಲಂಕೇಶ್ ಪತ್ರಿಕೆ’ಯ ಓದುಗರಾಗಿದ್ದ ಅವರು ಕೋಮು ಸೌಹಾರ್ದದ ಬಗ್ಗೆ ಅದಕ್ಕೆ ಬರೆದರು, 1981ರಲ್ಲಿ ಅದು ಅಚ್ಚಾಯಿತು. ಮುಂದೆ ‘ಚಂದ್ರಗಿರಿಯ ತೀರದಲ್ಲಿ’ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಸರಿಯಾದ ವಿಳಾಸಕ್ಕೆ ಹೋದ ಬರಹ ಓದುಗಳನ್ನು ಲೇಖಕಿಯನ್ನಾಗಿಸಿತು. ಆದರೆ 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಲೇಖಕಿ ಎದುರಿಗೆ ಸಿಗುವುದು ಎಲ್ಲರಿಗೂ ಪ್ರೀತಿ ತೋರಿಸುವ ಅವಕಾಶವಾಗಿರುವುದಿಲ್ಲ.

ಇಂದು ಆ ನಡುವಿನ ಅಂಚೆಯವನೂ ಸಂಪಾದಕನೂ ಇಲ್ಲ. ಭಾಗವತಿಕೆ ಹಾಡುವ ಹುಡುಗಿ ಯೂಟ್ಯೂಬಿನಲ್ಲಿ ಕಾಣಿಸಿದ ರಾತ್ರಿಯೇ ನೂರು ಮಂದಿ ಅವಳ ಫೋನಿನೊಳಕ್ಕೆ ನುಗ್ಗಬಲ್ಲರು. ಆದ್ದರಿಂದ ಹಿಂದೆ ವ್ಯವಸ್ಥೆ ಕಾಯುತ್ತಿದ್ದ ಅಂತರವನ್ನು ಈಗ ಅಭಿಮಾನಿಯೇ ಕಾಯಬೇಕು. ಅವರೇ ಪ್ರಕಟಿಸಿದ ವಿಳಾಸಕ್ಕೆ ಬರೆಯಬೇಕು. ಯಾರಿಂದಲೋ ಪಡೆದ ಖಾಸಗಿ ಸಂಖ್ಯೆಗೆ ಕರೆಯುವುದು ಹಿತ್ತಿಲ ಬಾಗಿಲಿನಿಂದ ಹೊಕ್ಕಂತೆ. ತಾನಾರು, ಯಾವ ಹಾಡು ಮೆಚ್ಚಿತು, ಏನು ಬೇಕು ಎಂಬಷ್ಟನ್ನು ಕಾರ್ಡಿನಳತೆಯಲ್ಲಿ ಹೇಳಬೇಕು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರ. ಮನೆ ಎಲ್ಲಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಹುಡುಕುವುದು, ತಿಳಿದದ್ದನ್ನು ಹಂಚುವುದು ಅಭಿಮಾನವಲ್ಲ. ಒಲ್ಲೆನೆಂದು ಸ್ಪಷ್ಟಪಡಿಸಿದ ಹೆಣ್ಣನ್ನು ಗಂಡಸು ಮತ್ತೆ ಮತ್ತೆ ಸಂಪರ್ಕಿಸಿದರೆ 2013ರಿಂದ ಕಾನೂನಿನಲ್ಲಿ ಅದು ಅಪರಾಧ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೆಯ ಕಲಮು.

ಅಪಾಯ ಅಭಿಮಾನಿಗೂ ಇದೆ. ಕಲಾವಿದರ ಹೆಸರು, ಚಿತ್ರ ಕದ್ದು ನಕಲಿ ಖಾತೆ ತೆರೆದು, ಅಕ್ಕರೆಯಿಂದ ಮಾತಾಡಿ, ಕೊನೆಗೆ ಹಣ ಕೇಳುವವರಿದ್ದಾರೆ. ಅಂಥ ಸಂದೇಶ ಬಂದಾಗ ಕಲಾವಿದರ ಮೂಲ ಪುಟದಲ್ಲಿ ಕೊಟ್ಟ ವಿಳಾಸದೊಡನೆ ತಾಳೆ ನೋಡಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆದು ದೂರು ಕೊಡಬೇಕು.