ಮಕ್ಕಳ ಬಾಯಲ್ಲಿ ಇಂಗ್ಲಿಷು



ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನೂರಕ್ಕೆ ಎಪ್ಪತ್ತು ಅಂಕ ತೆಗೆದ ಹುಡುಗ, ಮನೆಗೆ ಬಂದ ಅತಿಥಿ ಅದೇ ಇಂಗ್ಲಿಷಿನಲ್ಲಿ ಹೆಸರು ಕೇಳಿದೊಡನೆ ಬಾಗಿಲ ಮರೆಗೆ ಸರಿಯುವುದನ್ನು ನೀವು ಕಂಡಿರಬಹುದು. ಹೆತ್ತವರು ಹುಡುಗನನ್ನು ದೂರುತ್ತಾರೆ, ಇಲ್ಲವೇ ಮೇಷ್ಟರನ್ನು. ಆದರೆ ಈ ತೊಡಕು ನಿನ್ನೆ ಮೊನ್ನೆಯದಲ್ಲ, ನಮ್ಮೊಬ್ಬರದೂ ಅಲ್ಲ. ಕಲಿಯುವವರ ಬಾಯಿಂದ ಇಂಗ್ಲಿಷನ್ನು ಆಡಿಸುವ ಬಗೆ ಹೇಗೆಂದು ನಾಲ್ಕು ಶತಮಾನಗಳಿಗೂ ಮೇಲ್ಪಟ್ಟು ಜನ ಯೋಚಿಸುತ್ತ ಬಂದಿದ್ದಾರೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಬಲ್ಲವರು ಕಡಿಮೆ.

ಮೊದಲು ಲಂಡನ್ನಿಗೆ ಹೋಗೋಣ. 1572ರಲ್ಲಿ ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರ ಕಗ್ಗೊಲೆಯಾದ ಮೇಲೆ ಅನೇಕ ಕುಟುಂಬಗಳು ಕಡಲು ದಾಟಿ ಇಂಗ್ಲೆಂಡಿಗೆ ಓಡಿಬಂದವು. ಕೈಯಲ್ಲಿ ಕಸುಬಿತ್ತು, ನಾಲಗೆಯಲ್ಲಿ ಇಂಗ್ಲಿಷಿರಲಿಲ್ಲ. ಅಂಥವರಿಗಾಗಿ ಜಾಕ್ ಬೆಲೊ ಎಂಬ ಫ್ರೆಂಚ್ ಉಪಾಧ್ಯಾಯ 1586ರಲ್ಲಿ ಸಂಭಾಷಣೆಗಳ ಪುಸ್ತಕವೊಂದನ್ನು ಹೊರತಂದ. ಬೆಳಿಗ್ಗೆ ಏಳುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಅಂಗಡಿ ಬೀದಿಯಲ್ಲಿ ಚೌಕಾಸಿ, ನೆಂಟರೊಡನೆ ಊಟ, ಎಲ್ಲವೂ ಅದರಲ್ಲಿವೆ. ಪುಟದಲ್ಲಿ ಮೂರು ಸಾಲು: ಇಂಗ್ಲಿಷು ಒಂದು ಕಡೆ, ಫ್ರೆಂಚು ಇನ್ನೊಂದು ಕಡೆ, ಆ ಇಂಗ್ಲಿಷನ್ನೇ ಫ್ರೆಂಚರು ಉಚ್ಚರಿಸಲು ಅನುಕೂಲವಾಗುವಂತೆ ಬರೆದ ರೂಪ ಮತ್ತೊಂದು ಕಡೆ. ಈಗ ನಮ್ಮ ಬಸ್ ನಿಲ್ದಾಣಗಳಲ್ಲಿ ಮಾರುವ, ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಿಕೆಗಳ ಮುತ್ತಜ್ಜ ಅದು ಎನ್ನಬಹುದು. ಬೆಲೊನ ಓದುಗರಿಗೆ ಒಂದು ಭಾಗ್ಯವಿತ್ತು. ಪುಸ್ತಕ ಮುಚ್ಚಿ ಬೀದಿಗಿಳಿದರೆ ಆ ಮಾತು ಬೇಕೇ ಬೇಕು. ಆಡದಿದ್ದರೆ ಕೋಳಿಯೂ ಸಿಗದು, ಬಟ್ಟೆಯೂ ಸಿಗದು.

ನಮ್ಮ ದೇಶದಲ್ಲಿ ಕಥೆ ಬೇರೆಯಾಯಿತು. 1835ರಲ್ಲಿ ಮೆಕಾಲೆಯ ವಾದ ಗೆದ್ದು ಇಂಗ್ಲಿಷ್ ವಿದ್ಯೆಗೆ ಸರ್ಕಾರದ ಬೆಂಬಲ ಸಿಕ್ಕಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳಾದವು. ಅವುಗಳ ಪ್ರವೇಶ ಪರೀಕ್ಷೆ ಶಾಲೆಗಳ ಗುರಿಯಾಯಿತು. ಪರೀಕ್ಷೆ ನಡೆಯುವುದು ಕಾಗದದ ಮೇಲೆ. ಲೇಖನಿ ಓಡಿದರೆ ಸಾಕು, ನಾಲಗೆ ಹೊರಳಬೇಕಾಗಿರಲಿಲ್ಲ. ವ್ಯಾಕರಣ, ಭಾಷಾಂತರ, ಬಾಯಿಪಾಠ, ಇಷ್ಟರಲ್ಲೇ ತಲೆಮಾರುಗಳು ಕಳೆದವು. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಶಬ್ದಮಂಜರಿ, ಅಮರಕೋಶಗಳನ್ನು ಉರುಹೊಡೆದೇ ಪಂಡಿತ ಪರೀಕ್ಷೆಗೆ ಕುಳಿತವನು. ಆದರೆ ‘ರಾಮಃ ರಾಮೌ ರಾಮಾಃ’ ಬಂದ ಮಾತ್ರಕ್ಕೆ ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲು ಬಾರದೆಂಬುದೂ ನನಗೆ ಗೊತ್ತು.

ಢಾಕಾದ ಉಪಾಧ್ಯಾಯರ ಶಿಕ್ಷಣ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ಬಂಗಾಳದ ಶಾಲೆಗಳನ್ನು ಕಂಡು 1926ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಜೀವವಿಮೆಯ ಕಂತನ್ನು ನಡುವೆ ನಿಲ್ಲಿಸಿದವನಿಗೂ ಒಂದಿಷ್ಟು ಹಣ ಹಿಂದಕ್ಕೆ ಬರುತ್ತದಲ್ಲವೇ? ಹಾಗೆಯೇ ಶಾಲೆಯನ್ನು ನಡುವೆ ಬಿಟ್ಟ ಹುಡುಗನ ಕೈಗೆ ಇಂಗ್ಲಿಷಿನಿಂದ ಏನು ದಕ್ಕುತ್ತದೆ ಎಂದು ಅವರು ಕೇಳಿದರು. ಅರ್ಧಂಬರ್ಧ ಕಲಿತ ಮಾತು ವ್ಯರ್ಥ. ಅಲ್ಪಸ್ವಲ್ಪ ಓದಲು ಬಂದರೂ ಅದು ಉಳಿಯುತ್ತದೆ. ಆದ್ದರಿಂದ ಓದು ಮೊದಲು, ಮಾತು ಆಮೇಲೆ ಎಂಬುದು ಅವರ ತೀರ್ಮಾನ. ಬಡಮಕ್ಕಳ ಲೆಕ್ಕ ಹಿಡಿದು ಯೋಚಿಸಿದ ಆ ಕಾಳಜಿಗೆ ಕೈಮುಗಿಯಬೇಕು. ಆದರೂ ಬಾಗಿಲ ಮರೆಯ ಹುಡುಗನಿಗೆ ಅದರಿಂದ ಧೈರ್ಯ ಬರಲಿಲ್ಲ.

ಸ್ವಾತಂತ್ರ್ಯಾನಂತರ ಬಂದದ್ದು ವಾಕ್ಯರಚನೆಗಳ ಪದ್ಧತಿ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿದವು. ವಾಕ್ಯಗಳ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಮೆಟ್ಟಿಲು ಕಟ್ಟಿ, ತರಗತಿಯಲ್ಲಿ ಬಾಯಿಂದಲೇ ಅಭ್ಯಾಸ ಮಾಡಿಸಿದರು. ಮೇಷ್ಟರು ನಡೆಯುತ್ತ ‘ಐ ಆ್ಯಮ್ ವಾಕಿಂಗ್ ಟು ದ ಡೋರ್’ ಎನ್ನುವರು. ಮಕ್ಕಳು ಒಕ್ಕೊರಲಿನಿಂದ ಹೇಳುವರು. ಕೊಠಡಿಯಲ್ಲಿ ಸದ್ದೇನೋ ಆಯಿತು. ಆದರೆ ಮೇಷ್ಟರು ಬಾಗಿಲ ಕಡೆಗೆ ಹೋಗುತ್ತಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿರುವಾಗ ಹೇಳಲು, ಕೇಳಲು ಉಳಿದದ್ದೇನು? ಗಂಟೆ ಹೊಡೆದ ಮೇಲೆ ಆ ವಾಕ್ಯ ಹುಡುಗನ ಜತೆ ಬೀದಿಗೆ ಬರುತ್ತಿರಲಿಲ್ಲ.

ಇದನ್ನು ಗಮನಿಸಿದವರಲ್ಲಿ ಎನ್. ಎಸ್. ಪ್ರಭು ಒಬ್ಬರು. ಬ್ರಿಟಿಷ್ ಕೌನ್ಸಿಲಿನ ಕೆಲಸದಲ್ಲಿದ್ದ ಅವರು ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ನೆರವಿನಿಂದ 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೊರದೇಶದವರು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ಪಾಠಪಟ್ಟಿಯನ್ನು ಅವರು ತೆಗೆದೇಬಿಟ್ಟರು. ಅದರ ಜಾಗಕ್ಕೆ ಬಂದದ್ದು ಊರಿನ ನಕ್ಷೆ, ಗಡಿಯಾರದ ಮುಖ, ತಿಂಗಳ ಕ್ಯಾಲೆಂಡರು, ರೈಲಿನ ವೇಳಾಪಟ್ಟಿ. ಇಂತಿಷ್ಟು ಹೊತ್ತಿಗೆ ಊರು ಸೇರಬೇಕಾದರೆ ಯಾವ ರೈಲು ಹಿಡಿಯಬೇಕು? ಇಂಥ ಸಮಸ್ಯೆಯೊಂದನ್ನು ಉಪಾಧ್ಯಾಯರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತ ಇಡೀ ತರಗತಿಯೊಡನೆ ಬಿಡಿಸುವರು. ಬಳಿಕ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಬಿಡಿಸಬೇಕು. ಸುಮಾರು ಅರ್ಧದಷ್ಟು ಮಕ್ಕಳು ಅರ್ಧದಷ್ಟು ಕೆಲಸದಲ್ಲಿ ಗೆದ್ದರೆ ಆ ಸಮಸ್ಯೆ ತಕ್ಕಷ್ಟು ಕಠಿಣ ಎಂದು ಲೆಕ್ಕ.

ಸ್ವಾರಸ್ಯ ಇರುವುದು ಇಲ್ಲಿ. ‘ಮಾತಾಡು, ಮಾತಾಡು’ ಎಂದು ಅವರು ಮಕ್ಕಳನ್ನು ಬಲವಂತ ಮಾಡಲಿಲ್ಲ. ಒಂದೇ ಪದದ ಉತ್ತರವೂ ಉತ್ತರವೇ. ಮನೆಮಾತು ನಡುವೆ ನುಸುಳಿದರೂ ಗದರಿಕೆ ಇರಲಿಲ್ಲ. ತಪ್ಪು ವಾಕ್ಯ ಬಂದರೆ, ತೊದಲುವ ಕೂಸಿನ ಮಾತನ್ನು ತಾಯಿ ಸರಿಯಾಗಿ ತಿರುಗಿ ಹೇಳುವಂತೆ ಹೇಳಿ ಮುಂದೆ ಸಾಗುವರು. ಬುದ್ಧಿ ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಒಳಗೆ ಬೇರೂರುತ್ತದೆ, ಮಾತು ತನ್ನ ಹದಕ್ಕೆ ಹೊರಬರುತ್ತದೆ ಎಂಬುದು ಪ್ರಭುಗಳ ನಂಬಿಕೆ. ಮಕ್ಕಳನ್ನು ಗುಂಪು ಮಾಡಿ ಹರಟಲು ಬಿಡುವುದಕ್ಕೂ ಅವರು ಒಲವು ತೋರಲಿಲ್ಲ. ಒಬ್ಬರ ತಪ್ಪನ್ನು ಒಬ್ಬರು ಗಟ್ಟಿ ಮಾಡಿಕೊಂಡಾರೆಂಬ ಅಂಜಿಕೆ. ಈ ಒಂದು ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮೇಷ್ಟರೆದುರು ತುಟಿ ಬಿಚ್ಚದ ಎಷ್ಟೋ ಮಕ್ಕಳು ಗೆಳೆಯನ ಪಕ್ಕದಲ್ಲಿ ಕುಳಿತಾಗ ಬಿಚ್ಚುತ್ತಾರೆ.

ಅಲನ್ ಬೆರೆಟ್ಟಾ, ಅಲನ್ ಡೇವೀಸ್ ಎಂಬಿಬ್ಬರು ವಿದ್ವಾಂಸರು ಈ ಮಕ್ಕಳನ್ನೂ ಹಳೆಯ ಪದ್ಧತಿಯ ಮಕ್ಕಳನ್ನೂ ಪರೀಕ್ಷಿಸಿ 1985ರಲ್ಲಿ ಫಲ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆ ಹಳೆಯ ಪದ್ಧತಿಯ ಮಕ್ಕಳಿಗೆ ಅನುಕೂಲವಾಗಿತ್ತು. ಒಟ್ಟಿನಲ್ಲಿ ಫಲ, ಕೆಲವು ಷರತ್ತುಗಳೊಡನೆ, ಹೊಸ ಪದ್ಧತಿಯ ಕಡೆಗೇ ವಾಲಿತು. 1987ರಲ್ಲಿ ಪ್ರಭುಗಳ ಗ್ರಂಥ ಅಚ್ಚಾಯಿತು. ಇಂದು ಹಲವು ದೇಶಗಳ ಉಪಾಧ್ಯಾಯರು ಅದನ್ನು ಓದುತ್ತಾರೆ.

ನಿಮ್ಮ ಮನೆಯಲ್ಲಿ ಇಂಗ್ಲಿಷ್ ಕಲಿಯುವ ಮಗುವಿದ್ದರೆ, ಈ ಪತ್ರಿಕೆಯಲ್ಲೇ ಇರುವ ಕಾರ್ಯಕ್ರಮಗಳ ಪಟ್ಟಿಯನ್ನು ಅದರ ಮುಂದೆ ಹರಡಿ. ಸಂಗೀತ ಮುಗಿಯುವುದಕ್ಕೂ ವಾರ್ತೆ ಆರಂಭವಾಗುವುದಕ್ಕೂ ನಡುವೆ ಎಷ್ಟು ನಿಮಿಷ, ಊಟ ಮುಗಿಸಿ ನಾಟಕ ಕೇಳಬೇಕಾದರೆ ಎಷ್ಟು ಹೊತ್ತಿಗೆ ಎಲೆ ಹಾಕಬೇಕು ಎಂದು ನಿಮಗೆ ಬರುವ ಇಂಗ್ಲಿಷಿನಲ್ಲೇ ಕೇಳಿ. ಉತ್ತರ ಮೊದಲು ಕನ್ನಡದಲ್ಲಿ ಬಂದರೆ ಬರಲಿ.