ಚೀಟಿಯನ್ನು ಓದುವುದೋ, ನಡೆಸಿಕೊಡುವುದೋ

ಮಂಡಿಯ ಗುಮಾಸ್ತನ ಕೈಗೆ ಒಂದು ಚೀಟಿ ಬರುತ್ತದೆ. ‘ಇದನ್ನು ತಂದವನಿಗೆ ಹತ್ತು ಸೇರು ಅಕ್ಕಿ ಅಳೆದು ಕೊಡುವುದು’ ಎಂದು ಅದರಲ್ಲಿದೆ. ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿ ಹೇಳಿ ಸುಮ್ಮನಾಗಬಹುದು. ಇಲ್ಲವೆ ಎದ್ದುಹೋಗಿ ಅಕ್ಕಿ ಅಳೆಯಬಹುದು. ಓದಿದರೆ ಯಜಮಾನನಿಗೆ ನಷ್ಟವೇನೂ ಇಲ್ಲ. ಅಳೆಯುವುದಾದರೆ ಮಾತ್ರ ಚೀಟಿ ಯಾರದು, ಎಲ್ಲಿಂದ ಬಂತು ಎಂದು ವಿಚಾರಿಸಬೇಕಾಗುತ್ತದೆ. ಅಂತರಜಾಲದ ಪುಟಗಳನ್ನು ಕೇಳಿದವರಿಗೆ ಒದಗಿಸುವ ವೆಬ್ ಸರ್ವರಿನ ಚರಿತ್ರೆಯನ್ನು ನೋಡಿದಾಗಲೆಲ್ಲ ನನಗೆ ಈ ಗುಮಾಸ್ತನ ನೆನಪಾಗುತ್ತದೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಕಟ್ಟಿದ ಮೊದಲ ಸರ್ವರು ಬಹುಮಟ್ಟಿಗೆ ಓದಿ ಹೇಳುವ ಗುಮಾಸ್ತನೇ. ಕೇಳಿದ ಕಡತವನ್ನು ಇದ್ದ ಹಾಗೆಯೇ ಕಳಿಸುವುದು ಅದರ ಕೆಲಸ. ಆದರೆ ಜನಕ್ಕೆ ಬರೆದಿಟ್ಟ ಪುಟವಷ್ಟೇ ಸಾಲದು. ಹೆಸರು ಕೊಟ್ಟರೆ ಟೆಲಿಫೋನ್ ನಂಬರು ಹುಡುಕಿಕೊಡಬೇಕು, ಲೆಕ್ಕ ಕೇಳಿದರೆ ಮಾಡಿಕೊಡಬೇಕು. ಅದಕ್ಕೆ ಪುಟವನ್ನು ಆ ಕ್ಷಣದಲ್ಲಿ ತಯಾರಿಸುವ ಒಂದು ಪ್ರೋಗ್ರಾಮು ಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್.ಸಿ.ಎಸ್.ಎ. ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬ ತರುಣ ಬರೆದ ಸರ್ವರಿನೊಂದಿಗೆ 1993ರಲ್ಲಿ ಇದಕ್ಕೊಂದು ಸಾಮಾನ್ಯ ಕಟ್ಟಳೆ ಬಂದಿತು. ಅದೇ ಸಿ.ಜಿ.ಐ.

ಕಟ್ಟಳೆ ಬಹಳ ಸರಳ. ಕೋರಿಕೆ ಬಂದೊಡನೆ ಸರ್ವರು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಕೇಳಿದವನ ವಿವರಗಳನ್ನು ಅದಕ್ಕೆ ಒಪ್ಪಿಸುತ್ತದೆ. ಅದು ಬರೆದುಕೊಟ್ಟದ್ದನ್ನು ಹಿಂದಕ್ಕೆ ಕಳಿಸುತ್ತದೆ. ಪ್ರೋಗ್ರಾಮು ಯಾವ ಭಾಷೆಯದೆಂದು ಸರ್ವರು ಕೇಳುವುದಿಲ್ಲ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆಗೆ ಇದರಿಂದ ಹೊಸ ಯೋಗವೇ ಕೂಡಿಬಂತು. ಇಂಥ ಪ್ರೋಗ್ರಾಮುಗಳಿಗೆಂದು ‘ಸಿಜಿಐ-ಬಿನ್’ ಎಂಬ ಕೋಣೆಯನ್ನು ಬೇರೆಯಾಗಿಟ್ಟರು. ಆ ಕೋಣೆಯ ಚೀಟಿಗಳನ್ನು ಮಾತ್ರ ನಡೆಸಿಕೊಡುವುದು, ಉಳಿದವನ್ನು ಓದಿ ಹೇಳುವುದು. ಕೋಣೆಯ ಬೀಗದ ಕೈ ಮೇಲ್ವಿಚಾರಕನ ಬಳಿ.

ಬೀಗವಿದ್ದಲ್ಲಿ ಕಾಯುವ ಸಾಲೂ ಇರುತ್ತದೆ. ಪುಟ್ಟ ಸ್ಕ್ರಿಪ್ಟೊಂದನ್ನು ಹಾಕಲು ಸಾಮಾನ್ಯ ಬಳಕೆದಾರ ಮೇಲ್ವಿಚಾರಕನ ಮುಖ ನೋಡಬೇಕಾಗಿತ್ತು. ಮೆಕೂಲ್ 1994ರಲ್ಲಿ ಎನ್.ಸಿ.ಎಸ್.ಎ. ಬಿಟ್ಟ ಮೇಲೆ ಅವನ ಸರ್ವರಿಗೆ ತಮ್ಮತಮ್ಮಲ್ಲೇ ತೇಪೆ ಹಾಕಿಕೊಳ್ಳುತ್ತಿದ್ದವರು ಒಟ್ಟುಗೂಡಿ 1995ರಲ್ಲಿ ಅಪಾಚೆಯನ್ನು ಹೊರತಂದರು. ಅದರ 1996ರ 1.1 ಆವೃತ್ತಿಯಲ್ಲಿ ‘ಹ್ಯಾಂಡ್ಲರ್’ ಎಂಬ ಏರ್ಪಾಡು ಬಂತು. ಇಂಥ ಬಾಲದ ಕಡತವನ್ನು ಇಂಥವನ ಕೈಗೆ ಒಪ್ಪಿಸು ಎಂದು ಒಂದು ಸಾಲು ಬರೆದರೆ ಸಾಕು. ಕೋಣೆಯ ಕಟ್ಟುಪಾಡು ಸಡಿಲಾಯಿತು, ಹೆಸರೇ ಗುರುತಾಯಿತು. ತನ್ನ ಪರಿಚಯಪತ್ರವನ್ನು ಯಾರು ನೋಡಿದರೆಂದು ತಿಳಿಯಲು ರಾಸ್ಮಸ್ ಲೆರ್ಡೋರ್ಫ್ ಬರೆದುಕೊಂಡಿದ್ದ ಸಣ್ಣ ಸಿ.ಜಿ.ಐ. ಪ್ರೋಗ್ರಾಮುಗಳು 1995ರಲ್ಲಿ ಪಿ.ಎಚ್.ಪಿ. ಎಂದು ಬಿಡುಗಡೆಯಾಗಿ, ಮುಂದೆ ಸರ್ವರಿನ ಒಳಗೇ ಸೇರಿಕೊಂಡವು. ಪ್ರತಿ ಕೋರಿಕೆಗೂ ಹೊಸ ಪ್ರೋಗ್ರಾಮನ್ನು ಎಬ್ಬಿಸುವ ದಣಿವು ತಪ್ಪಿತು. ತಿಂಗಳಿಗೆ ಸ್ವಲ್ಪ ಬಾಡಿಗೆ ಕೊಟ್ಟು ಯಾರು ಬೇಕಾದರೂ ಜೀವಂತ ಪುಟಗಳನ್ನು ನಡೆಸುವಂತಾಯಿತು. ಇದು ಸಣ್ಣ ಮಾತಲ್ಲ.

ಆದರೆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಪಾಚೆ ಕಡತದ ಹೆಸರಿನ ಕೊನೆಯ ಬಾಲವನ್ನಷ್ಟೇ ಅಲ್ಲ, ನಡುವಿನದನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ. ನಡುವೆ ಪಿ.ಎಚ್.ಪಿ. ಎಂದೂ ಕೊನೆಗೆ ಚಿತ್ರದ ಬಾಲವೂ ಇರುವ ಕಡತವನ್ನು ಅತಿಥಿಯೊಬ್ಬ ಭಾವಚಿತ್ರವೆಂದು ಏರಿಸಿದರೆ, ಸರ್ವರು ಅದನ್ನು ತೋರಿಸುವ ಬದಲು ನಡೆಸಿಬಿಡುವ ಅಪಾಯವಿತ್ತು.

ಹಾಗಾದರೆ ಹಳೆಯ ಕೋಣೆಯೇ ಭದ್ರವಾಗಿತ್ತೆ? ಅದೂ ಅಲ್ಲ. ಎನ್.ಸಿ.ಎಸ್.ಎ. ಮತ್ತು ಅಪಾಚೆ ಸರ್ವರುಗಳ ಜೊತೆಗೇ ‘ಪಿ.ಎಚ್.ಎಫ್.’ ಎಂಬ ಟೆಲಿಫೋನ್ ಡೈರೆಕ್ಟರಿಯ ಸ್ಕ್ರಿಪ್ಟೊಂದು ಬರುತ್ತಿತ್ತು. ಅದರ ವಾಸ ಆ ಕೋಣೆಯಲ್ಲೇ. ಹುಡುಕಬೇಕಾದ ಹೆಸರನ್ನು ಬರೆದು, ಹೊಸ ಸಾಲು ಹಿಡಿದು ಒಂದು ಅಪ್ಪಣೆಯನ್ನು ಸೇರಿಸಿದರೆ ಅದನ್ನೂ ನಡೆಸಿಕೊಡುತ್ತಿತ್ತು. 1996ರಲ್ಲಿ ಈ ದಾರಿಯಿಂದ ಯಂತ್ರಗಳ ಗುಪ್ತಪದಗಳ ಕಡತವನ್ನೇ ಹೊತ್ತೊಯ್ಯಬಹುದೆಂದು ಎಚ್ಚರಿಕೆ ಹೊರಟಿತು. 2012ರಲ್ಲಿ ಪಿ.ಎಚ್.ಪಿ.ಯನ್ನು ಸಿ.ಜಿ.ಐ. ರೀತಿಯಲ್ಲಿ ನಡೆಸುತ್ತಿದ್ದ ಕಡೆ, ವಿಳಾಸದಲ್ಲಿನ ಪ್ರಶ್ನೆಯ ಭಾಗವೇ ಪ್ರೋಗ್ರಾಮಿಗೆ ಕೊಟ್ಟ ಸೂಚನೆಯಾಗಿ ಹೋಗುತ್ತಿದ್ದುದು ಬಯಲಾಯಿತು. 2014ರ ‘ಶೆಲ್‌ಶಾಕ್’ ಪ್ರಕರಣದಲ್ಲಿ, ಓದುಗನ ಬ್ರೌಸರು ತನ್ನ ಹೆಸರು ಹೇಳಿಕೊಳ್ಳುವ ಸಾಲಿನಲ್ಲಿಯೇ ಅಪ್ಪಣೆಯನ್ನು ಅಡಗಿಸಿಟ್ಟರೆ ಬ್ಯಾಷ್ ಅದನ್ನು ಪಾಲಿಸುತ್ತಿತ್ತು. ಬ್ಯಾಷಿನ ಆ ದೋಷ 1989ರಿಂದ ಮಲಗಿತ್ತು. ಹೊರಗಿನವರ ಮಾತನ್ನು ಅದರ ಕಿವಿಗೆ ತಲುಪಿಸಿದ್ದು ಸಿ.ಜಿ.ಐ.

ಇವೆಲ್ಲ ಬೇರೆಬೇರೆ ರೋಗಗಳಂತೆ ಕಂಡರೂ ಮೂಲ ಒಂದೇ. ಓದಬೇಕಾದದ್ದನ್ನು ಯಂತ್ರ ನಡೆಸಿಬಿಟ್ಟಿತು. ಕಡತದ ಮಟ್ಟದಲ್ಲಿ ಒಮ್ಮೆ, ಕಡತದೊಳಕ್ಕೆ ಬಂದ ಮಾತಿನ ಮಟ್ಟದಲ್ಲಿ ಇನ್ನೊಮ್ಮೆ.

ಈಚಿನ ರೂಢಿ ಹಳೆಯ ಗುಮಾಸ್ತನ ಕಡೆಗೆ ಕೊಂಚ ಹಿಂತಿರುಗಿದೆ. ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಸರ್ವರು ಪಿ.ಎಚ್.ಪಿ.ಯನ್ನು ತನ್ನೊಳಗೆ ಇಟ್ಟುಕೊಳ್ಳದೆ ಪಕ್ಕದಲ್ಲಿ ಸದಾ ಎಚ್ಚರವಿರುವ ಬೇರೊಂದು ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಅಪಾಚೆಯಲ್ಲಿಯೂ ಹೆಸರಿನ ತುದಿಯನ್ನೇ ನೋಡಿ ಹ್ಯಾಂಡ್ಲರ್ ಗೊತ್ತುಮಾಡುವುದು, ಅತಿಥಿಗಳು ಕಡತ ಏರಿಸುವ ಕೋಣೆಯಲ್ಲಿ ಏನನ್ನೂ ನಡೆಸದಿರುವುದು ಒಳ್ಳೆಯ ಪದ್ಧತಿ ಎನಿಸಿಕೊಂಡಿದೆ. ಸ್ವಂತ ಸರ್ವರು ಹೂಡುವ ಹುಡುಗರು ಆ ಒಂದು ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸುವುದನ್ನು ಕಂಡಿದ್ದೇನೆ. ಅದು ಬರಿಯ ಸಾಲಲ್ಲ, ಉಗ್ರಾಣದ ಬೀಗದ ಕೈ. ಯಾರ ಚೀಟಿಗೆ ಅಕ್ಕಿ ಅಳೆಯಬೇಕು ಎಂಬುದನ್ನು ಅವರು ಅಲ್ಲಿ ತೀರ್ಮಾನಿಸುತ್ತಿದ್ದಾರೆ.