ಕಟ್ಟಡ ಕಾಮಗಾರಿಯ ವೇಳೆ ದೊರೆತ ರೋಮನ್ ಸಮಾಧಿಗಳು: ಲಂಡನ್ ನಗರದ ನಿದರ್ಶನಗಳು

ತಳಪಾಯ ಅಗೆಯುವಾಗ ಪ್ರಾಚೀನ ಸಮಾಧಿಯೊಂದು ಕಾಣಿಸಿಕೊಂಡಲ್ಲಿ ಮುಂದೇನು ಮಾಡಬೇಕೆಂಬುದು ಕಟ್ಟಡ ಪರವಾನಗಿ ಕೋರುವ ಅರ್ಜಿದಾರರಲ್ಲಿ ಸಹಜವಾಗಿ ಮೂಡುವ ಪ್ರಶ್ನೆ. ಕೆಲಸ ನಿಂತು ನಷ್ಟವಾದೀತೆಂಬ ಆತಂಕದಿಂದ ಸದ್ದಿಲ್ಲದೆ ಮಣ್ಣು ಮುಚ್ಚಿಬಿಡುವವರೂ ಉಂಟು. ಹಾಗೆ ಮಾಡಿದಲ್ಲಿ ಕಳೆದುಹೋಗುವುದು ಏನು ಎಂಬುದನ್ನು ಇಂಗ್ಲೆಂಡಿನ ರಾಜಧಾನಿಯ ಮೂರು ಪ್ರಕರಣಗಳ ಮೂಲಕ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸಮಾಧಿಗಳು ದೊರೆಯುವ ಸ್ಥಳ

ಊರಿನ ಒಳಗೆ ಶವವನ್ನು ಹೂಳುವುದಾಗಲಿ ಸುಡುವುದಾಗಲಿ ಕೂಡದೆಂದು ರೋಮನ್ನರ ಅತಿ ಪ್ರಾಚೀನ ಶಾಸನವಾದ ಹನ್ನೆರಡು ಫಲಕಗಳ ಕಾನೂನು ವಿಧಿಸಿತ್ತು. ಆದುದರಿಂದ ಲೊಂಡಿನಿಯಂ ಎಂದು ಕರೆಯಲಾಗುತ್ತಿದ್ದ ಅಂದಿನ ಲಂಡನ್ನಿನ ಸ್ಮಶಾನಗಳು ಊರಿನ ಹೊರಗೆ, ಹೆದ್ದಾರಿಗಳ ಇಕ್ಕೆಲಗಳಲ್ಲಿ ಬೆಳೆದವು. ಮೊದಲು ದಹನ ಹೆಚ್ಚು ಬಳಕೆಯಲ್ಲಿದ್ದು, ಕಾಲಕ್ರಮೇಣ ಹೂಳುವ ಪದ್ಧತಿ ಪ್ರಬಲವಾಯಿತು. ಮುಂದೆ ನಗರವು ಗೋಡೆಯನ್ನು ದಾಟಿ ಹಬ್ಬಿದ್ದರಿಂದ ಆ ಸ್ಮಶಾನಗಳ ಮೇಲೆಯೇ ಇಂದು ಕಚೇರಿಗಳೂ ವಸತಿ ಸಮುಚ್ಚಯಗಳೂ ನಿಂತಿವೆ.

ಸ್ಪಿಟಲ್‌ಫೀಲ್ಡ್ಸ್, 1999

ನಗರದ ಗೋಡೆಯ ಉತ್ತರಕ್ಕೆ ಅರ್ಮಿನ್ ರಸ್ತೆಯ ಬಳಿ ರೋಮನ್ನರ ವಿಶಾಲ ಸ್ಮಶಾನವಿತ್ತು. ಮಧ್ಯಯುಗದಲ್ಲಿ ಅದೇ ನೆಲದ ಮೇಲೆ ಸೇಂಟ್ ಮೇರಿ ಸ್ಪಿಟಲ್ ಎಂಬ ಮಠ ಹಾಗೂ ಆಸ್ಪತ್ರೆ ಸ್ಥಾಪನೆಯಾಯಿತು. 1990ರ ದಶಕದಲ್ಲಿ ಸ್ಪಿಟಲ್‌ಫೀಲ್ಡ್ಸ್ ಮಾರುಕಟ್ಟೆಯ ಪುನರ್ನಿರ್ಮಾಣಕ್ಕೆ ಪೂರ್ವಭಾವಿಯಾಗಿ ಇಲ್ಲಿ ದೀರ್ಘಕಾಲ ಉತ್ಖನನ ನಡೆಯಿತು. ಮಧ್ಯಯುಗದ ಅಸ್ಥಿಪಂಜರಗಳೇ ಹತ್ತು ಸಾವಿರಕ್ಕೂ ಮಿಗಿಲಾಗಿ ದೊರೆತವು.

1999ರ ಮಾರ್ಚ್‌ನಲ್ಲಿ ಸದರಿ ನಿವೇಶನದಲ್ಲಿ ಸುಣ್ಣಕಲ್ಲಿನ ಶವಪೆಟ್ಟಿಗೆಯೊಂದು ಪತ್ತೆಯಾಯಿತು. ಅದರೊಳಗೆ ಚಿಪ್ಪಿನ ಅಲಂಕಾರವುಳ್ಳ ಸೀಸದ ಪೆಟ್ಟಿಗೆ ಇದ್ದು, ಮೊಹರು ಒಡೆದಿರಲಿಲ್ಲ. ಕಲ್ಲಿನ ಪೆಟ್ಟಿಗೆಗೂ ಸೀಸದ ಪೆಟ್ಟಿಗೆಗೂ ನಡುವೆ ಗಾಜಿನ ನೀಳವಾದ ಕುಪ್ಪಿಯೂ ಜೆಟ್ ಎಂಬ ಕಪ್ಪು ಹೊಳಪಿನ ವಸ್ತುವಿನಿಂದ ಮಾಡಿದ ಸಾಮಗ್ರಿಗಳೂ ಇದ್ದವು. ಪುರಾತತ್ತ್ವಜ್ಞರು ಅದನ್ನು ಸ್ಥಳದಲ್ಲಿಯೇ ತೆರೆಯದೆ ಅಂದಿನ ಮ್ಯೂಸಿಯಂ ಆಫ್ ಲಂಡನ್‌ಗೆ ಸಾಗಿಸಿ, ಏಪ್ರಿಲ್ ತಿಂಗಳಲ್ಲಿ ಎಚ್ಚರಿಕೆಯಿಂದ ತೆರೆದರು. ಒಳಗಿದ್ದುದು ನಾಲ್ಕನೆಯ ಶತಮಾನದ, ಇಪ್ಪತ್ತರ ಹರೆಯದ ಹೆಣ್ಣುಮಗಳ ಅಸ್ಥಿಪಂಜರ. ಆಕೆಯ ತಲೆಯನ್ನು ಲಾರೆಲ್ ಎಲೆಗಳ ದಿಂಬಿನ ಮೇಲೆ ಒರಗಿಸಲಾಗಿತ್ತು (ನಮ್ಮ ಪಲಾವ್ ಎಲೆ ಬೇರೊಂದು ಮರದ್ದು). ಉಡುಪಿನಲ್ಲಿ ರೇಷ್ಮೆಯ ಮತ್ತು ಚಿನ್ನದ ಎಳೆಗಳ ತುಣುಕುಗಳು ಉಳಿದಿದ್ದವು. ರೇಷ್ಮೆಯು ಆ ಕಾಲದಲ್ಲಿ ಪೂರ್ವದೇಶಗಳಿಂದ ಬರುತ್ತಿದ್ದ ದುಬಾರಿ ಸರಕು.

ಬಾಲ್ಯದಲ್ಲಿ ರೂಪುಗೊಂಡ ಹಲ್ಲಿನ ಹೊರಪದರ ನಂತರ ಬದಲಾಗುವುದಿಲ್ಲ. ಬೆಳೆದ ಊರಿನ ಸೀಸದ ಗುರುತು ಅದರಲ್ಲಿ ಉಳಿದಿರುತ್ತದೆ. ಇದರ ವಿಶ್ಲೇಷಣೆಯಿಂದ ಆಕೆ ಬೆಳೆದುದು ಇಟಲಿಯಲ್ಲಿ, ಬಹುಶಃ ರೋಮ್ ನಗರದಲ್ಲಿ ಎಂದು ತಿಳಿದುಬಂದಿತು. ಹೆಸರು ಬರೆದ ಕಲ್ಲು ಇಲ್ಲದ ಆ ಯುವತಿಯ ಬಗ್ಗೆ ಇಷ್ಟು ತಿಳಿಯಲು ಕಾರಣ, ಪೆಟ್ಟಿಗೆಯನ್ನು ಯಾರೂ ಅವಸರದಿಂದ ತೆರೆಯದಿದ್ದುದೇ. ಎಲೆಯಾಗಲಿ ಎಳೆಯಾಗಲಿ ಯಂತ್ರದ ಬಾಯಿಗೆ ಸಿಕ್ಕಿದ್ದರೆ ಉಳಿಯುತ್ತಿರಲಿಲ್ಲ.

ಇತರ ಎರಡು ಪ್ರಕರಣಗಳು

2017ರಲ್ಲಿ ಥೇಮ್ಸ್ ನದಿಯ ದಕ್ಷಿಣದಲ್ಲಿರುವ ಸದರ್ಕ್‌ನ ಹಾರ್ಪರ್ ರಸ್ತೆಯ ನಿರ್ಮಾಣ ನಿವೇಶನದಲ್ಲಿಯೂ ರೋಮನ್ ಕಾಲದ ಶಿಲಾ ಶವಪೆಟ್ಟಿಗೆ ದೊರೆಯಿತು. ಆದರೆ ಅದರ ಮುಚ್ಚಳ ಮೊದಲೇ ಸರಿದಿದ್ದು, ಒಳಗೆ ಮಣ್ಣು ತುಂಬಿತ್ತು. ಹಿಂದೆಂದೋ ಕಳ್ಳರು ತೆರೆದಿದ್ದರೆಂಬುದು ತಜ್ಞರ ಅಭಿಪ್ರಾಯ. ಮೂಳೆಗಳು ದೊರೆತರೂ ಸ್ಪಿಟಲ್‌ಫೀಲ್ಡ್ಸ್‌ನಷ್ಟು ವಿವರ ಇಲ್ಲಿ ಸಿಗಲಿಲ್ಲ.

ಹೋಲ್ಬರ್ನ್ ವಯಾಡಕ್ಟ್ ಬಳಿಯ ಕಚೇರಿ ಕಟ್ಟಡದ ನಿವೇಶನದಲ್ಲಿ ಓಕ್ ಮರದ ಅಂತ್ಯಸಂಸ್ಕಾರದ ಮಂಚವೊಂದು ದೊರೆತಿರುವುದನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. ಭಾಗಗಳನ್ನು ಬಿಚ್ಚಿ ಸಮಾಧಿಯೊಳಗೆ ಜೋಡಿಸಿಡಲಾಗಿದ್ದ ಇದು ಬ್ರಿಟನ್ನಿನಲ್ಲಿ ಸಂಪೂರ್ಣವಾಗಿ ದೊರೆತ ಮೊದಲ ಮಂಚ. ಫ್ಲೀಟ್ ನದಿಯ ತೇವದ ಕೆಸರು ಮರವನ್ನು ಕೊಳೆಯದಂತೆ ಕಾಪಾಡಿತ್ತು.

ಅನುಮತಿ, ವರದಿ ಮತ್ತು ವೆಚ್ಚ

ಇಂಗ್ಲೆಂಡಿನಲ್ಲಿ ಆಕಸ್ಮಿಕವಾಗಿ ಮಾನವ ಅವಶೇಷ ಕಂಡಲ್ಲಿ ಕೆಲಸ ನಿಲ್ಲಿಸಿ ಪೊಲೀಸರಿಗೆ ತಿಳಿಸತಕ್ಕದ್ದು. ಪ್ರಾಚೀನವೆಂದು ಖಚಿತವಾದ ತರುವಾಯ ಸಾಮಾನ್ಯವಾಗಿ 1857ರ ಸಮಾಧಿ ಕಾಯಿದೆಯನ್ವಯ ನ್ಯಾಯ ಸಚಿವಾಲಯದ ಪರವಾನಗಿ ಪಡೆದು ಅವಶೇಷಗಳನ್ನು ಹೊರತೆಗೆಯಲಾಗುತ್ತದೆ. ಸಮಾಧಿಯಲ್ಲಿ ಚಿನ್ನ, ಬೆಳ್ಳಿಯ ವಸ್ತುಗಳಿದ್ದಲ್ಲಿ 1996ರ ನಿಧಿ ಕಾಯಿದೆಯಂತೆ 14 ದಿನಗಳೊಳಗೆ ಕಾರನರ್ ಎಂಬ ಅಧಿಕಾರಿಗೆ ವರದಿ ಮಾಡಬೇಕು. ಅಲ್ಲಿ ನೆಲೆಸಿ ಮನೆ ಕಟ್ಟುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ.

ಪುರಾತತ್ತ್ವ ಉತ್ಖನನದ ವೆಚ್ಚವನ್ನು ನಿರ್ಮಾಣದಾರರೇ ಭರಿಸುವ ಪದ್ಧತಿ 1990ರ ಯೋಜನಾ ಮಾರ್ಗಸೂಚಿಯಿಂದ ದೃಢವಾಯಿತು. ಇದು ಹೊರೆಯೇ ಸರಿ. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಲ್ಲಿ, ಮುಂಚಿತವಾಗಿ ನಿವೇಶನ ಪರಿಶೀಲಿಸಿ ಅಂದಾಜು ಪಟ್ಟಿಯಲ್ಲಿ ಸೇರಿಸಿದ ವೆಚ್ಚಕ್ಕಿಂತ ನಡುವೆ ಕೆಲಸ ನಿಂತಾಗ ಏರುವ ಬಡ್ಡಿ ಮತ್ತು ಯಂತ್ರಗಳ ಬಾಡಿಗೆಯೇ ನಿರ್ಮಾಣದಾರರನ್ನು ಹೆಚ್ಚು ಬಾಧಿಸುತ್ತದೆ.

ರೋಮನ್ನರೊಡನೆ ನಮ್ಮ ನಾಡಿನ ನಂಟು ವ್ಯಾಪಾರದ್ದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ರಾಜ್ಯದಲ್ಲಿ ನೆಲ ಅಗೆಯುವಾಗ ಇಂತಹ ನಾಣ್ಯ ಅಥವಾ ನಿಧಿ ದೊರೆತವರು ಅದನ್ನು ಸ್ಥಳದಿಂದ ಕದಲಿಸದೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ದೊರೆತ ದಿನಾಂಕ, ಸ್ಥಳ ಮತ್ತು ಆಳವನ್ನು ಪತ್ರದಲ್ಲಿ ನಮೂದಿಸುವುದು.